ಅರ್ಧ ಸಂಬಳ, ಪೂರ್ತಿ ಫೋನ್

‘ಪಾರ್ಟ್‌ಟೈಮ್ ವೆಬ್ ಡೆವಲಪರ್ ಬೇಕಾಗಿದ್ದಾರೆ’ ಎಂದು ಸಣ್ಣ ಕಂಪನಿಗಳು ಜಾಹೀರಾತು ಹಾಕುತ್ತವೆ. ಬಹಳ ಕಡೆ ಅರ್ಧವಾಗುವುದು ಸಂಬಳ ಮಾತ್ರ. ಕೆಲಸ ಪೂರ್ತಿಯೇ ಇರುತ್ತದೆ, ಫೋನಂತೂ ರಾತ್ರಿ ಹನ್ನೊಂದಕ್ಕೂ ಬರುತ್ತದೆ.

ಚೆನ್ನೈನ ಮಾಧವರಂನಲ್ಲಿ ನಮ್ಮದು ಐದು ಜನರ ತಂಡ. ಲಾರಿ ಸಾಗಣೆದಾರರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಇದು ಆವಿನ್ ಹಾಲಿನ ಡೇರಿ, ಆಂಧ್ರದ ಬಸ್ಸು ಹೊರಡುವ ನಿಲ್ದಾಣ ಇರುವ ಉತ್ತರದ ತುದಿ. ಐಟಿ ಕಂಪನಿಗಳು ಹೆಚ್ಚಾಗಿ ಇರುವುದು ದಕ್ಷಿಣದ ಓಎಂಆರ್ ಕಡೆ. ಇಲ್ಲಿಂದ ಸಿರುಸೇರಿಗೆ ಕಟ್ಟುತ್ತಿರುವ ಮೆಟ್ರೊ ಮಾರ್ಗವೇ 45 ಕಿ.ಮೀ. ಉದ್ದವಿದೆ. ಮಗು ಚಿಕ್ಕದೆಂದೋ ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲವೆಂದೋ ಆ ಓಡಾಟ ಬಿಟ್ಟವರಲ್ಲಿ ನುರಿತ ಕೈಗಳಿವೆ.

ನಾವು ತೆಗೆದುಕೊಂಡವರೂ ಅಂಥವರೇ. ಎಂಟು ವರ್ಷದ ಅನುಭವ, ವಾರಕ್ಕೆ 15 ಗಂಟೆ ಕೆಲಸ. ಅವರು ಮೊದಲು ಕೇಳಿದ್ದು ಸಂಬಳದ ವಿಷಯವಲ್ಲ. ‘ಸಾರ್, ಐದು ಗಂಟೆಯ ಮೇಲೆ ಫೋನ್ ಮಾಡ್ತೀರಾ?’ ಎಂದು ತಮಿಳಿನಲ್ಲಿ ಕೇಳಿದರು.

ಮಾಡುವುದಿಲ್ಲ ಎಂದು ಬರೆದುಕೊಟ್ಟೆವು. ಅದಕ್ಕೆ ತಕ್ಕಂತೆ ಕೆಲಸವನ್ನೂ ಆರಿಸಬೇಕಾಯಿತು. ವರದಿಯ ಪುಟಗಳು, ಗ್ರಾಹಕರು ಲಾಗಿನ್ ಆಗುವ ಪರದೆ ಅವರಿಗೆ. ನಡುರಾತ್ರಿ ಸರ್ವರ್ ಕೈಕೊಟ್ಟರೆ ನೋಡುವುದು ನಮ್ಮ ಪಾಲಿಗೆ. ಗಂಟೆಯ ಲೆಕ್ಕದಲ್ಲಿ ಅವರ ಸಂಬಳ ಕಾಯಂ ನೌಕರರಿಗಿಂತ ಜಾಸ್ತಿ. ನನ್ನ ಪಾಲುದಾರರಿಗೆ ಇದು ಇನ್ನೂ ನುಂಗಲಾರದ ತುತ್ತು. ರಜೆಯ ಸಂಬಳವಿಲ್ಲ, ಲ್ಯಾಪ್‌ಟಾಪ್, ಕರೆಂಟು ಎಲ್ಲ ಅವರದೇ. ಜಾಸ್ತಿ ಕೊಡುವುದೇ ನ್ಯಾಯ. ‘ಟೆಸ್ಟ್’ ಎಂದು ಪುಕ್ಕಟೆ ಸೈಟ್ ಮಾಡಿಸಿಕೊಂಡು ಮಾಯವಾಗುವವರ ಬಗ್ಗೆ ಬರೆಯಲು ಇಲ್ಲಿ ಜಾಗ ಸಾಲದು. ನಾವು ಪರೀಕ್ಷೆಯ ಎರಡು ದಿನಕ್ಕೂ ದುಡ್ಡು ಕೊಟ್ಟೆವು.

ಇನ್ನು ಕೋಡ್ ಯಾರದು? 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರರು ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದು. ಹೊರಗಿದ್ದು ಗುತ್ತಿಗೆಯಲ್ಲಿ ಬರೆದುಕೊಟ್ಟವರದ್ದು ಹಾಗಲ್ಲ. ಲಿಖಿತವಾಗಿ ವರ್ಗಾಯಿಸುವ ತನಕ ಹಕ್ಕು ಬರೆದವರ ಕೈಯಲ್ಲೇ ಇರುತ್ತದೆ. ಪತ್ರದಲ್ಲಿ ಅವಧಿ ಹೇಳದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎನ್ನುತ್ತದೆ 19ನೇ ಸೆಕ್ಷನ್. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ ಸಾರ್’ ಅನ್ನಿಸಿಕೊಂಡು ಕೆಲಸ ಶುರು ಮಾಡುವವರು ಇದನ್ನೊಮ್ಮೆ ಓದಬೇಕು. ಹಣ ಪೂರ್ತಿ ಸಂದಾಯವಾದ ಮೇಲೆ ಹಕ್ಕು ಕಂಪನಿಗೆ ಎಂದು ಎರಡು ಪುಟದಲ್ಲಿ ಬರೆದುಕೊಂಡೆವು. ಅವರಿಗೂ ಧೈರ್ಯ, ನಮಗೂ ಧೈರ್ಯ.

ಈಗ ಹಾವೇರಿಯಿಂದ ದೊಡ್ಡಪ್ಪನ ಫೋನ್. ‘ನಮ್ಮ ಹುಡುಗ ಬಿಇ ಮುಗಿಸ್ಯಾನ. ಪಾರ್ಟ್‌ಟೈಮ್ ಆದ್ರೂ ಅಡ್ಡಿಯಿಲ್ಲ, ಹಚ್ಕೊಳ್ಳಪಾ.’ ಹೊರನಾಡಿನಲ್ಲಿ ತಂಡ ಕಟ್ಟಿದ ಕನ್ನಡಿಗರಿಗೆಲ್ಲ ಇಂಥ ಕರೆ ಬಂದಿರುತ್ತದೆ. ಕರುಳು ಚುರ್ ಅನ್ನುತ್ತದೆ, ನಿಜ. ಆದರೆ ಹೊಸಬರನ್ನು ವಾರಕ್ಕೆ 15 ಗಂಟೆ ಒಬ್ಬರನ್ನೇ ಕೂರಿಸಿದರೆ ಪಕ್ಕದಲ್ಲಿ ಕಲಿಸುವವರು ಯಾರು? ದೊಡ್ಡಪ್ಪನಿಗೆ ಅದನ್ನೇ ಹೇಳಿದೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಮೊದಲು ಪೂರ್ತಿ ಕೆಲಸ ಹುಡುಕಲಿ, ನನ್ನ ಪರಿಚಯದವರ ನಂಬರ್ ಕೊಡುತ್ತೇನೆ ಎಂದೆ. ಸಿಟ್ಟಾಗಿದ್ದಾರೆ.