ಚಿಲಕ ಸಡಿಲವಾಗಿದೆ ಎಂದು ಹೇಳಬೇಕಾದವರು ಯಾರು?

ಹಡಗಲಿಯಿಂದಲೋ ಹರಪನಹಳ್ಳಿಯಿಂದಲೋ ನಮ್ಮ ಕರಾವಳಿಗೆ ಕಟ್ಟಡ ಕೆಲಸಕ್ಕೆ ಬರುವವರು ವಾರದ ಕೂಲಿಯನ್ನು ಈಗ ಮೊಬೈಲಿನಲ್ಲೇ ಊರಿಗೆ ಕಳುಹಿಸುತ್ತಾರೆ. ಅತ್ತ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಮನೆಯವರು ಅದನ್ನು ಎಟಿಎಂನಿಂದಲೋ, ಸೇವಾ ಕೇಂದ್ರದಲ್ಲಿ ಹೆಬ್ಬೆರಳೊತ್ತಿಯೋ ಪಡೆಯುತ್ತಾರೆ. ಈ ಎಲ್ಲ ಯಂತ್ರಗಳೂ ನಡೆಯುವುದು ತಂತ್ರಾಂಶದಿಂದ. ತಂತ್ರಾಂಶದಲ್ಲಿ ಲೋಪ ಕಂಡುಬಂದಾಗ ತಯಾರಕರು ಹಾಕುವ ತೇಪೆಗೆ ಭದ್ರತಾ ಅಪ್‌ಡೇಟ್ ಎಂದು ಹೆಸರು. ತೇಪೆ ಬಂದಿದೆ, ಅಥವಾ ಇನ್ನು ಮುಂದೆ ಬರುವುದಿಲ್ಲ ಎಂಬುದನ್ನು ಬಳಕೆದಾರನಿಗೆ ತಿಳಿಸುವ ಹೊಣೆ ಯಾರದು ಎಂಬುದೇ ಪ್ರಶ್ನೆ.

ಎಟಿಎಂ ಕಥೆಯನ್ನೇ ನೋಡಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ದೇಶದ ಬಹಳಷ್ಟು ಎಟಿಎಂಗಳು ಆಮೇಲೂ ಅದರಲ್ಲೇ ನಡೆದವು. 2017ರ ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತು. ನೆರೆಯ ಆಂಧ್ರ ಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ವಿಷಾದವೆಂದರೆ, ಬೆಂಬಲವಿದ್ದ ವಿಂಡೋಸ್‌ಗಳಿಗೆ ಬೇಕಾದ ತೇಪೆ ಮಾರ್ಚ್ 14ರಂದೇ ಬಂದಿತ್ತು. ಎರಡು ತಿಂಗಳ ಬಿಡುವು ಇತ್ತು, ಹಾಕಿಕೊಳ್ಳದವರು ಅಸಂಖ್ಯ. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಹಳೆಯ ತಂತ್ರಾಂಶದ ಎಟಿಎಂಗಳೆಲ್ಲವನ್ನೂ 2019ರ ಜೂನ್ ಒಳಗೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ಲೆಕ್ಕ ಹಾಕಿ: ಬೆಂಬಲ ನಿಂತ ಮೇಲೆ ಐದು ವರ್ಷ! ಆದರೂ ಇದನ್ನು ನಾನು ಒಳ್ಳೆಯ ಉದಾಹರಣೆ ಎಂದೇ ಹೇಳುತ್ತೇನೆ. ಇಲ್ಲಿ ಹೊಣೆ ಯಾರದೆಂದು ಹೆಸರಿಡಿದು ಹೇಳಲಾಯಿತು, ದಿನವನ್ನೂ ಗೊತ್ತುಮಾಡಲಾಯಿತು.

ಉಳಿದೆಡೆ ಹಾಗಿಲ್ಲ. ಎಚ್ಚರಿಕೆ ನೀಡಲೆಂದೇ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಕೆಲಸ ಮಾಡುತ್ತಿದೆ. ಅದರ ಸೂಚನೆಗಳು ತಾಂತ್ರಿಕ ಇಂಗ್ಲಿಷಿನಲ್ಲಿರುತ್ತವೆ. ಹರಪನಹಳ್ಳಿಯ ಸೇವಾ ಕೇಂದ್ರದ ಯುವಕ ಅದನ್ನು ಓದುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ದಾಳಿಯಾದರೆ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರಂದು ಅದೇ ಸಂಸ್ಥೆ ನಿರ್ದೇಶಿಸಿತು. ಆ ವರದಿ ಹೋಗುವುದು ಸಂಸ್ಥೆಗೆ, ಸರದಿಯಲ್ಲಿ ನಿಂತ ಅಜ್ಜಿಗಲ್ಲ. ಕೇಂದ್ರದ ಯುವಕನನ್ನು ದೂರುವುದು ಸುಲಭ. ಕರೆಂಟು ಹೋಗುವ ಮೊದಲು ಹತ್ತು ಅರ್ಜಿ ಮುಗಿಸಬೇಕಾದವನು 'ಆಮೇಲೆ ನೆನಪಿಸು' ಎಂಬ ಗುಂಡಿಯನ್ನೇ ಒತ್ತುತ್ತಾನೆ. (ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ನಾನೂ ಎಷ್ಟೋ ಸಲ ಒತ್ತಿದ್ದೇನೆ.)

ನನ್ನ ಅಭಿಪ್ರಾಯದಲ್ಲಿ ಮೊದಲ ಹೊಣೆ ತಯಾರಕನದು, ಎರಡನೆಯದು ಆ ಯಂತ್ರದ ಮೂಲಕ ಸೇವೆ ನೀಡುವ ಇಲಾಖೆ ಅಥವಾ ಬ್ಯಾಂಕಿನದು. ಬಳಕೆದಾರನ ಸರದಿ ಕೊನೆಯದು, ಅದೂ ಅವನ ಭಾಷೆಯಲ್ಲಿ ಹೇಳಿದ ಮೇಲೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆಂದು ತಯಾರಕ ಸರಳ ಮಾತಿನಲ್ಲಿ ಪ್ರಕಟಿಸಲೇಬೇಕು. ನಮ್ಮಲ್ಲಿ ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳಿದೆ. ಮೊಬೈಲ್ ಪೆಟ್ಟಿಗೆಯ ಮೇಲೆ ಬೆಲೆ ಇದೆ, ತಯಾರಾದ ತಿಂಗಳಿದೆ. ರಕ್ಷಣೆ ಮುಗಿಯುವ ದಿನವನ್ನು ಹುಡುಕಬೇಕು.

ಧರ್ಮಕೇಂದ್ರಗಳಲ್ಲಿ ವಲಸೆ ಕಾರ್ಮಿಕರ ನಡುವೆ ಸೇವೆ ಮಾಡುವವರಿಗೆ ಒಂದು ಮಾತು. ಅರ್ಜಿ ತುಂಬಿಸಿಕೊಳ್ಳಲು ಬಂದವರ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನ್ ಕುರಿತ ಭಾಗದಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ನೋಡಿ. ಅದು ಎರಡು ಮೂರು ವರ್ಷ ಹಳೆಯದಾಗಿದ್ದು ಹೊಸದು ಸಿಗದಿದ್ದರೆ, ಆ ಫೋನಿನಲ್ಲಿ ಕೂಲಿ ಹಣದ ವ್ಯವಹಾರ ಬೇಡವೆಂದು ಅವರಿಗೆ ತಿಳಿಸಿ.