ಹತ್ತಿ ಮಾರಿದ ಮೇಲೆ



ಶರಣರ ಚರಿತ್ರೆಯನ್ನೋ, ಗೃಹಸ್ಥ ಜೀವನದ ಯಾವುದಾದರೊಂದು ಸಂಗತಿಯನ್ನೋ ಎತ್ತಿಕೊಂಡು ತಮ್ಮೊಡನೆ ನಾಲ್ಕು ಮಾತನಾಡುವುದು ಈ ಅಂಕಣದಲ್ಲಿ ನಮ್ಮ ರೂಢಿ. ಈ ತಿಂಗಳು ಒಂದು ಹಳೆಯ ಮೋಟಾರ್ ಸೈಕಲ್ಲಿನ ವಿಷಯ ಬರೆಯಲು ಕುಳಿತಿದ್ದೇವೆ. ಅರುವತ್ತು ದಾಟಿದ ಮೇಲೆ ಇವರಿಗೆ ಇದೆಂತಹ ಹುಚ್ಚು ಎಂದು ಕೆಲವರಾದರೂ ನಗುವಿರಿ. ನಗಬಹುದು, ನಮ್ಮ ಮನೆಯಲ್ಲಿ ಆ ನಗೆ ನಾಲ್ಕು ವರ್ಷ ನಡೆದಿದೆ.

ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನ ಎರೆ ನೆಲದ ಹಳ್ಳಿ. ಅಣ್ಣ ಬಸವಣ್ಣನವರು ಹುಟ್ಟಿದ ನೆಲ ನಮ್ಮದೆಂಬ ಅಭಿಮಾನ ಎಷ್ಟಿತ್ತೋ, ಮಳೆ ಬಂದರೆ ಕಾಲಿಡಲಾಗದ ಕೆಸರೂ ಅಷ್ಟೇ ಇತ್ತು. ೧೯೬೮–೬೯ರ ಸುಮಾರಿಗೆ, ನಾವು ಮೂರನೆಯ ಇಯತ್ತೆಯಲ್ಲಿದ್ದಾಗ, ಮುದ್ದೇಬಿಹಾಳದ ಕಡೆಯಿಂದ ದನದ ಡಾಕ್ಟರೊಬ್ಬರು ಜಾವಾ ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಿದ್ದರು. ಕೆಂಗಂದು ಬಣ್ಣ, ಬೆಳ್ಳಿಯಂತೆ ಹೊಳೆಯುವ ಟಾಕಿ, ಎಡಕ್ಕೊಂದು ಬಲಕ್ಕೊಂದು ಹೊಗೆ ಕೊಳವೆ. ಗಾಡಿ ಊರ ಅಗಸಿಗೆ ಬರುವ ಮೊದಲೇ ಸಪ್ಪಳ ಬರುತ್ತಿತ್ತು. ಬುಲೆಟ್ಟಿನದು ಯಜಮಾನರ ಗತ್ತಿನ ದನಿಯಾದರೆ ಇದರದು ಮದುವೆ ಮನೆಯ ಸಂಬಾಳದಂತೆ ಬಿಡಿಬಿಡಿಯಾದ, ಚುರುಕಾದ ದನಿ. ಡಾಕ್ಟರು ಎತ್ತಿನ ಬಾಯಿ ನೋಡುವಷ್ಟು ಹೊತ್ತು ನಾವು ಅಂಗಿಯ ತುದಿಯಿಂದ ಆ ಟಾಕಿಯ ಧೂಳು ಒರೆಸುತ್ತ ನಿಲ್ಲುತ್ತಿದ್ದೆವು. ಅದರಲ್ಲಿ ಕಾಣುವ ಸೊಟ್ಟ ಮುಖ ನಮ್ಮದೇ ಎಂಬುದು ಒಂದು ದೊಡ್ಡ ಸಂತೋಷವಾಗಿತ್ತು.

ಒಂದು ದಿನ ನಮ್ಮ ತಂದೆಯವರು, ಲೀಟರಿಗೆ ಎಷ್ಟು ಮೈಲು ಓಡುತ್ತದೆ ಎಂದು ಡಾಕ್ಟರನ್ನು ಕೇಳಿದರು. ಎತ್ತಿನ ಬೆಲೆಯ ಹೊರತು ಮತ್ತಾವುದನ್ನೂ ವಿಚಾರಿಸದ ಮನುಷ್ಯ ಹೀಗೆ ಕೇಳಿದ್ದು ನಮಗೆ ಸಾಕಾಯಿತು. ಅಂದು ರಾತ್ರಿ ಕಾಡಿಸಿದೆವು. ತಂದೆಯವರು ನಕ್ಕು, "ಹತ್ತಿ ಮಾರಿದ ಮ್ಯಾಲ ನೋಡೋಣು" ಅಂದರು. ಆ ವರ್ಷ ಹತ್ತಿಗೆ ಬೆಲೆ ಬರಲಿಲ್ಲ. ಮರುವರ್ಷವೂ ಅದೇ ಮಾತು. ಆಮೇಲೆ ೧೯೭೨ರ ಬರ ಬಂತು. ನಮ್ಮ ಜಿಲ್ಲೆಯ ಹಿರಿಯರಿಗೆ ಆ ವರ್ಷವನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಾವಿ ಬತ್ತಿದವು, ಕಣಿಕೆಯ ಬಣವೆ ತೀರಿತು. ಮನೆಯ ಜೋಡೆತ್ತು ಸಂತೆಯಲ್ಲಿ ಕೇಳಿದ ಬೆಲೆಗೆ ಹೋದವು. ತಂದೆ-ತಾಯಿ ಇಬ್ಬರೂ ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆದರು. ಡಾಕ್ಟರು ಆ ವರ್ಷ ಪದೇ ಪದೇ ಬಂದರು. ಟಾಕಿ ಒರೆಸಲು ನಾವು ಹೋಗಲಿಲ್ಲ. ಹತ್ತಿಯ ಮಾತನ್ನು ತಂದೆಯವರು ಮತ್ತೆ ಆಡಲಿಲ್ಲ, ನಾವೂ ಕೇಳಲಿಲ್ಲ.

ಈ ಗಾಡಿ ನಮ್ಮ ನಾಡಿನದೇ ಎಂಬುದನ್ನು ಇಂದಿನ ಮಕ್ಕಳು ಅರಿಯರು. ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದನು. ೧೯೬೦ರಲ್ಲಿ ಇರಾನಿ ಎಂಬ ಪಾರ್ಸಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಯಾದವಗಿರಿಯ ಆ ಕಾರ್ಖಾನೆಯನ್ನು ಉದ್ಘಾಟಿಸಿದವರು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊತ್ತಿಗೇ ಗಾಡಿಗೂ ಯೆಜ್ಡಿ ಎಂಬ ಹೊಸ ಹೆಸರು ಬಂತು. ಅದು ಇರಾನಿನ ಯಜ್ದ್ ಪಟ್ಟಣದ ನೆನಪು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೧೮ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದರು. ಅದು ಚೆನ್ನಾಗಿಯೇ ಇರಬಹುದು, ನಮಗೆ ಬೇಕಾದದ್ದು ಅದಲ್ಲ.

ನಾವು ಶಾಲಾ ಮಾಸ್ತರರಾದೆವು. ಮೊದಲು ಸೈಕಲ್, ಆಮೇಲೆ ಲೂನಾ, ಕೊನೆಗೆ ಸ್ಕೂಟರ್. ತಂದೆಯವರು ೧೯೯೪ರಲ್ಲಿ ಲಿಂಗೈಕ್ಯರಾದರು. ಹೊಲದಲ್ಲಿಯೇ ಅವರ ಗದ್ದುಗೆ ಮಾಡಿದೆವು.

೨೦೧೯ರ ಬೇಸಿಗೆಯಲ್ಲಿ ನೀಲಮ್ಮ ತಾಯಿಯ ಐಕ್ಯಸ್ಥಳವಾದ ತಂಗಡಗಿಗೆ ಹೋದವರು, ಮರಳುವಾಗ ಮುದ್ದೇಬಿಹಾಳದಲ್ಲಿ ಆ ಡಾಕ್ಟರ ಮನೆ ಹೊಕ್ಕೆವು. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿದ್ದವು. ಹಿತ್ತಲ ಕೊಟ್ಟಿಗೆಯಲ್ಲಿ ಹಳೆಯ ಗೋಣಿಚೀಲಗಳ ಕೆಳಗೆ ಜಾವಾ ನಿಂತಿತ್ತು. ಸೀಟು ಹರಿದ ಕಡೆ ಕೋಳಿ ತತ್ತಿಯಿಟ್ಟಿತ್ತು. ಕೊಡುವಿರಾ ಎಂದು ಕೇಳಿದೆವು. ಡಾಕ್ಟರ ಮಗ ಸ್ವಲ್ಪ ಯೋಚಿಸಿ, ಗುಜರಿಯವನು ಕೊಡುತ್ತೇನೆಂದ ಹಣವನ್ನೇ ಹೇಳಿದರು, ಹೆಚ್ಚು ಕೇಳಲಿಲ್ಲ. ಮುರಿದು ಮಾರಬಾರದೆಂಬ ಮಾತು ಮಾತ್ರ ತೆಗೆದುಕೊಂಡರು.

ದುರಸ್ತಿಗೆಂದು ನಿವೃತ್ತಿಯ ಹಣದಲ್ಲಿ ಅರುವತ್ತು ಸಾವಿರ ರೂಪಾಯಿ ತೆಗೆದಿರಿಸಿದೆವು. ಆಗ ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ಇದು ಮಾರಯ್ಯ ತಂದ ಅಕ್ಕಿ ಹೌದಲ್ಲೋ?" ಆಯ್ದಕ್ಕಿ ಮಾರಯ್ಯನವರ ಕಥೆ ತಮಗೆಲ್ಲ ಗೊತ್ತು. ಮಹಾಮನೆಯ ಅಂಗಳದಲ್ಲಿ ಆಯ್ದು ತಂದ ಅಕ್ಕಿ ಒಂದು ದಿನ ಹೆಚ್ಚಾಗಿರಲು, ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಆ ಕಥೆಯನ್ನು ನೂರು ಸಲ ಹೇಳಿದ ಬಾಯಿ ನಮ್ಮದು. ಅಂದು ಉತ್ತರ ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಿಟ್ಟೇ ಬಂತು.

೨೦೨೦ರ ಅಕ್ಟೋಬರಿನಲ್ಲಿ ಭೀಮೆ ತುಂಬಿ ಇಂಡಿ, ಸಿಂದಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಆ ಮಳೆಗೆ ನಮ್ಮ ಹೊಲದ ಒಡ್ಡು ಒಡೆದು, ತಂದೆಯವರ ಗದ್ದುಗೆಯ ಒಂದು ಮಗ್ಗುಲು ಕುಸಿಯಿತು. ಗದ್ದುಗೆ ಬಿದ್ದಿರುವಾಗ ಗಾಡಿಗೆ ಬಣ್ಣ ಹಚ್ಚುವುದೆಂತು? ಆದರೆ ತಡ ಮಾಡುವ ಹಾಗೂ ಇರಲಿಲ್ಲ. ಜಾವಾ ಬಲ್ಲ ಉಸ್ತಾದರೊಬ್ಬರು ಸಿಂದಗಿಯಲ್ಲಿದ್ದರು. ಎಪ್ಪತ್ತು ದಾಟಿದವರು, ಕಣ್ಣಿನ ನರ ಬತ್ತುತ್ತಿತ್ತು. "ಈ ವರ್ಷ ತಂದರೆ ನಾನೇ ಮಾಡುತ್ತೇನೆ, ಮುಂದಿನ ವರ್ಷದ ಮಾತು ಹೇಳಲಾರೆ" ಎಂದಿದ್ದರು. ಒಂದು ವಾರ ನಿದ್ದೆ ಬರಲಿಲ್ಲ. ಗದ್ದುಗೆಯನ್ನು ಮುಂದಿನ ವರ್ಷ ಕಟ್ಟಿಸಿದರೆ ತಂದೆಯವರೇನು ಬೇಡವೆನ್ನುವರೇ ಎಂದು ಮನಸ್ಸು ತನಗೆ ಬೇಕಾದ ನ್ಯಾಯ ತಾನೇ ಹೇಳಿಕೊಳ್ಳುತ್ತಿತ್ತು. ಕೊನೆಗೆ ಕಲ್ಲುಕಟ್ಟಡದವನಿಗೆ ಮುಂಗಡ ಕೊಟ್ಟೆವು. ಗದ್ದುಗೆಗೂ ಒಡ್ಡಿಗೂ ಆ ಹಣವೆಲ್ಲ ಹೋಯಿತು. ಮತ್ತೆ ಕೂಡಿಹಾಕಲು ವರ್ಷದ ಮೇಲೆ ಹಿಡಿಯಿತು.

೨೦೨೨ರಲ್ಲಿ ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಸಿಂದಗಿಗೆ ಹೋದಾಗ ಉಸ್ತಾದರಿಗೆ ಬೆಳಕು-ಕತ್ತಲೆಯ ಭೇದವಷ್ಟೇ ತಿಳಿಯುತ್ತಿತ್ತು. ಬಂದ ದಾರಿಯಲ್ಲೇ ತಿರುಗಬೇಕೆಂದಿದ್ದೆವು. ಅವರು ಎದ್ದು ಬಂದು ಎಂಜಿನ್ನಿನ ಮೇಲೆ ಕೈಯಾಡಿಸಿ, "ಮೊದಲ ಕಾಲದ ಗಾಡಿ, ಹದಿನಾರು ಅಂಗುಲದ ಗಾಲಿ" ಎಂದರು. ತಮ್ಮ ಬಳಿ ಕಲಿಯುತ್ತಿದ್ದ ಇಂಡಿಯ ಹುಡುಗನನ್ನು ಕರೆದು, "ನಾನು ಹೇಳುತ್ತೇನೆ, ನೀನು ಬಿಚ್ಚು" ಎಂದು ಗೋಡೆಗೆ ಒರಗಿ ಕುಳಿತರು.

ಮುಂದಿನ ಏಳು ತಿಂಗಳು ನಾವು ಕಂಡದ್ದನ್ನು ಪೂರ್ತಿ ಬರೆದರೆ ಸಂಪಾದಕರು ಸಿಟ್ಟಾದಾರು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮೇಲಿನ ತಲೆ ಬಿಚ್ಚಿ ಡೀಸೆಲ್ ತುಂಬಿ ಹತ್ತು ದಿನ ಬಿಟ್ಟರು. ಬಡಿಯಲು ಹೋದ ಹುಡುಗನ ಕೈ ಹಿಡಿದು, "ಅದು ತಾನಾಗಿ ಬಿಡಬೇಕು" ಎಂದರು. ಹನ್ನೊಂದನೆಯ ದಿನ ಅರ್ಧ ಅಂಗುಲ ಸರಿಯಿತು. ಈ ಎಂಜಿನ್ನಿಗೆ ಬೇರೆ ಎಣ್ಣೆಯ ಪಂಪಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಬೇರಿಂಗುಗಳಿಗೆ ಆಹಾರ. ಹಾಗಾಗಿ ನಿಂತ ಗಾಡಿಯ ಒಳಗೆ ತುಕ್ಕು ಬೇಗ ಹಿಡಿಯುತ್ತದಂತೆ. ಬೇರಿಂಗು, ರಬ್ಬರಿನ ಸೀಲು ಎಲ್ಲ ಹೊಸವು ಬೇಕಾದವು. ಸಿಲಿಂಡರ್ ಕೊರೆಯಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದರು. ಗಾಲಿಯ ರಿಮ್ಮುಗಳು ಹೊಳಪಿಗಾಗಿ ಸೊಲ್ಲಾಪುರಕ್ಕೆ ಹೋಗಿ ಬಂದವು. ಕೆಡದೆ ಉಳಿದಿದ್ದ ದೊಡ್ಡ ಭಾಗವೆಂದರೆ ಸರಪಳಿ. ಜಾವಾದ ಸರಪಳಿಗೆ ಸುತ್ತಲೂ ಮುಚ್ಚಿದ ತಗಡಿನ ಕವಚವಿರುವುದರಿಂದ ನಮ್ಮ ಎರೆ ಮಣ್ಣು ಒಳಹೊಕ್ಕಿರಲಿಲ್ಲ.

ಟಾಕಿಯ ಒಳಗಿನ ತುಕ್ಕು ತೆಗೆದ ಬಗೆ ಮಾತ್ರ ಹೇಳಲೇಬೇಕು. ಪೇಟೆಯಲ್ಲಿ ಅದಕ್ಕೆ ಬೇಕಾದ ಆಮ್ಲ ಸಿಗುತ್ತದೆ. ಆದರೆ ಆ ಹುಡುಗನ ಮನೆಯವರಿಗೆ ಇಂಡಿಯಲ್ಲಿ ಲಿಂಬೆಯ ತೋಟವಿತ್ತು. ಉದುರಿ ಬಿದ್ದು ಮಾರಾಟಕ್ಕೆ ಬಾರದ ಕಾಯಿಗಳನ್ನು ಎರಡು ಚೀಲ ತಂದು, ಹಿಂಡಿ, ಸೋಸಿ, ರಸವನ್ನು ಟಾಕಿಗೆ ತುಂಬಿ ನಾಲ್ಕು ದಿನ ಇಟ್ಟನು. ಲಿಂಬೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ಹೊರಬಂದ ನೀರು ಹುಣಸೆಹುಳಿಯ ಬಣ್ಣಕ್ಕಿತ್ತು. ಅಡುಗೆ ಸೋಡಾದ ನೀರಿನಿಂದ ತೊಳೆದು ಬಿಸಿಲಿಗಿಟ್ಟು ಕೂಡಲೇ ಎಣ್ಣೆ ಸವರಬೇಕು, ಇಲ್ಲವಾದರೆ ಅಂದೇ ಮತ್ತೆ ತುಕ್ಕೇರುತ್ತದೆ. ಇಂಡಿಯ ಲಿಂಬೆಯ ಕೀರ್ತಿ ಉಪ್ಪಿನಕಾಯಿಗಷ್ಟೇ ಎಂದು ತಿಳಿದಿದ್ದ ನಮಗೆ ಇದು ಹೊಸದು.

ಕಿಡಿ ಹಾರುವ ಪಾಯಿಂಟಿನ ನಡುವೆ ೦.೪ ಮಿಲಿಮೀಟರ್ ಸಂದು ಇರಬೇಕು. ಆ ಕೆಲಸವನ್ನು ಉಸ್ತಾದರು ಹುಡುಗನಿಗೆ ಬಿಡಲಿಲ್ಲ. ಅಳತೆಯ ತೆಳು ಪಟ್ಟಿಯನ್ನು ಬೆರಳ ತುದಿಯಲ್ಲಿ ಎಳೆದು ನೋಡಿ, ಬಿಗಿ ಎಷ್ಟೆಂದು ತಿಳಿದು ತಿರುಪು ತಿರುಗಿಸಿದರು. ಕಡೆಗೆ ಕೂಲಿಯನ್ನು ಪೈಸೆ ಬಿಡದೆ ತೆಗೆದುಕೊಂಡರು. ಹುಡುಗನ ಪಗಾರ ಬೇರೆ ಎಂದರು. ಅದು ನಮಗೆ ಮೆಚ್ಚುಗೆಯಾಯಿತು.

ಕಾಗದಪತ್ರದ ಮಾತು ಚಿಕ್ಕದಾಗಿ ಹೇಳುತ್ತೇವೆ, ಏಕೆಂದರೆ ಹಿರಿಯರ ಗಾಡಿಯನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಬಹಳ. ಮಾಲೀಕರು ತೀರಿಕೊಂಡಿದ್ದರೆ ಮೊದಲು ೩೧ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು, ಆಮೇಲೆ ೨೯ ಮತ್ತು ೩೦ನೆಯ ನಮೂನೆಗಳಲ್ಲಿ ಕೊಂಡವರ ಹೆಸರಿಗೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ೨೦೨೧ರ ಜುಲೈಯಲ್ಲಿ ಬೇರೆಯೇ ನಿಯಮ ಬಂದಿತು; ಆ ಬಗೆಯ ನೋಂದಣಿ ಮಾಡಿಸಿದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ಮೆರವಣಿಗೆಗಳಿಗಷ್ಟೇ. ನಮಗೆ ಹೊಲಕ್ಕೆ ಹೋಗಬೇಕಾಗಿತ್ತು, ಆದುದರಿಂದ ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡೆವು. ಒಂದು ಕಚೇರಿಗೆ ಒಂಬತ್ತು ಸಲ ಅಲೆದೆವೆಂಬುದನ್ನು ಮಾತ್ರ ಇಲ್ಲಿ ಹೇಳಿ ಬಿಡುತ್ತೇವೆ.

ಗಾಡಿ ಸಿದ್ಧವಾದದ್ದು ೨೦೨೨ರ ಡಿಸೆಂಬರ್ ಕೊನೆಗೆ. ೨೦೨೩ರ ಜನವರಿ ೨ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು ದೇಹ ಬಿಟ್ಟರು. ಲಕ್ಷೋಪಲಕ್ಷ ಜನರ ನಡುವೆ ನಾವೂ ದರ್ಶನಕ್ಕೆ ನಿಂತೆವು. ಅವರ ಅಂಗಿಗೆ ಕಿಸೆಯೇ ಇರಲಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆ ಸಾಲಿನಲ್ಲಿ ನಿಂತಾಗ ನಮ್ಮ ಕಿಸೆಯಲ್ಲಿ ಜಾವಾದ ಕೀಲಿಯಿತ್ತು. ಅದನ್ನು ಅಂದು ಏಕೆ ತೆಗೆದುಕೊಂಡು ಹೋಗಿದ್ದೆವೋ ತಿಳಿಯದು. ಇಡೀ ಹೊತ್ತು ಅದು ತೊಡೆಗೆ ಚುಚ್ಚುತ್ತಿತ್ತು. ಮನೆಗೆ ಬಂದು ಗೂಡಿನಲ್ಲಿಟ್ಟವರು ಎರಡು ತಿಂಗಳು ಮುಟ್ಟಲಿಲ್ಲ. ಆ ಚುಚ್ಚು ಈಗಲೂ ಪೂರ್ತಿ ಹೋಗಿಲ್ಲ.

ಮಾರ್ಚಿಯಲ್ಲಿ ಒಂದು ಸೋಮವಾರ ಮನೆಯವರೇ ಕೀಲಿ ತಂದು ಕೊಟ್ಟು, "ಗದ್ದುಗೀಗೆ ಹೋಗೂದದ, ನಡೀರಿ" ಎಂದರು. ಜಾವಾದಲ್ಲಿ ಗೇರಿನ ಸಲಾಕೆಯೇ ಕಿಕ್ಕಿನ ಸಲಾಕೆ; ಎಡಗಡೆಯಿರುವ ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿ ತುಳಿಯಬೇಕು. ಮೂರನೆಯ ತುಳಿತಕ್ಕೆ ಆ ದನಿ ಬಂತು. ಐವತ್ತು ವರ್ಷದ ಹಿಂದಿನ ಅಗಸಿಯ ದನಿ. ನಾವು ಅತ್ತೆವೆಂದು ಮನೆಯವರು ಹೇಳುತ್ತಾರೆ. ಎರಡೂ ಕೊಳವೆಗಳ ಹೊಗೆ ಕಣ್ಣಿಗೆ ಬಂದಿತ್ತೆಂದು ನಾವು ಹೇಳುತ್ತೇವೆ.

ಹಿಂದೆ ಒಂದೇ ಕಡೆ ಕಾಲು ಹಾಕಿ, ವಿಭೂತಿ, ಪತ್ರಿ, ನೀರಿನ ತಂಬಿಗೆ ಹಿಡಿದು ಅವರು ಕುಳಿತರು. ಹೊಲದವರೆಗೆ ಸುಖವಾಗಿಯೇ ಹೋದೆವು. ಹೊಸ ಕಲ್ಲಿನ ಗದ್ದುಗೆಗೆ ಪೂಜೆ ಮಾಡಿ, ಕಾಯಿ ಒಡೆದು, ಸ್ವಲ್ಪ ಹೊತ್ತು ಬೇವಿನ ನೆರಳಲ್ಲಿ ಸುಮ್ಮನೆ ಕುಳಿತೆವು. ಮರಳಿ ಹೊರಟು ನೂರು ಮಾರು ಬರುವಷ್ಟರಲ್ಲಿ ಗಾಡಿ ನಿಂತಿತು. ಇಪ್ಪತ್ತು ಸಲ ತುಳಿದರೂ ಉಸಿರಿಲ್ಲ. ಹೆದ್ದಾರಿಯವರೆಗೆ ನೂಕುವುದೊಂದೇ ದಾರಿ. ನಾವು ಹ್ಯಾಂಡಲ್ ಹಿಡಿದು ಮುಂದೆ, ಮನೆಯವರು ಸೆರಗು ಸಿಕ್ಕಿಸಿ ಸೀಟಿಗೆ ಕೈಯಿಟ್ಟು ಹಿಂದೆ. ಅರ್ಧ ದಾರಿಗೆ ಬಂದಾಗ ಹಿಂದಿನಿಂದ ಮಾತು ಬಂತು:

"ಇರ್ಲಿ ಬಿಡ್ರಿ, ಹತ್ತಿ ಮಾರಿದ ಮ್ಯಾಲ ಹೊಸಾದು ತಗೊಳ್ಳೋಣು."

ಇಬ್ಬರಿಗೂ ನಗು ತಡೆಯಲಾಗದೆ ಗಾಡಿಯನ್ನು ಒಡ್ಡಿಗೆ ಒರಗಿಸಿ ನಿಂತೆವು. ಸಂಜೆ ಉಸ್ತಾದರಿಗೆ ದೂರವಾಣಿಯಲ್ಲಿ ಹೇಳಿದೆವು. ಅವರು ಟಾಕಿಯ ಮುಚ್ಚಳ ತೆರೆದು ನೋಡಿ ಎಂದರು. ಮುಚ್ಚಳದ ಗಾಳಿಯ ರಂಧ್ರದಲ್ಲಿ ಹೊಳಪು ಮಾಡುವ ಮೇಣ ಕಟ್ಟಿಕೊಂಡು, ಪೆಟ್ರೋಲು ಕೆಳಗಿಳಿಯುವುದು ನಿಂತಿತ್ತು. ಪಿನ್ನಿನಿಂದ ಕೆದಕಿದೆವು. ಒಂದೇ ತುಳಿತಕ್ಕೆ ಹೊತ್ತಿಕೊಂಡಿತು.