ಹೃದ್ರೋಗ ತಜ್ಞರಾಗುವ ದಾರಿ: ಸೀಟಿನಿಂದಾಚೆಯ ಲೆಕ್ಕ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆತಂಕ ತಗ್ಗಿದೆ. ಆದರೆ ಶ್ರವಣಬೆಳಗೊಳದಂಥ ಊರಿನಲ್ಲಿ ಮಧ್ಯರಾತ್ರಿ ಎದೆನೋವು ಬಂದರೆ ಬಲೂನ್ ಹಾಕುವ ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಆ ವೈದ್ಯರೇ ಇಂಟರ್‌ವೆನ್ಷನಲ್ ಕಾರ್ಡಿಯಾಲಜಿಸ್ಟ್. ಎದೆ ತೆರೆಯದೆ, ಕೈ ಅಥವಾ ತೊಡೆಯ ರಕ್ತನಾಳದ ಮೂಲಕ ತೆಳುವಾದ ಕೊಳವೆ ಕಳಿಸಿ ಮುಚ್ಚಿದ ನಾಳವನ್ನು ತೆರೆಯುತ್ತಾರೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಈ ವಿಧಾನವನ್ನು ಮೊದಲ ಬಾರಿಗೆ ಹೃದಯದ ನಾಳದಲ್ಲಿ ಯಶಸ್ವಿಯಾಗಿಸಿದರು.

ನೀಟ್ ಬರೆಯುವ ಮಗನಿಗೋ ಮಗಳಿಗೋ ಈ ಕನಸಿದ್ದರೆ ಮನೆಯವರು ಮೊದಲು ವರ್ಷಗಳನ್ನು ಎಣಿಸಬೇಕು. ಎಂಬಿಬಿಎಸ್ ಐದೂವರೆ ವರ್ಷ, ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮೂರು, ಡಿಎಂ ಕಾರ್ಡಿಯಾಲಜಿ ಮತ್ತೆ ಮೂರು. ನಡುವೆ ನೀಟ್ ಪಿಜಿ, ನೀಟ್ ಎಸ್‌ಎಸ್. ಒಂದು ವರ್ಷವೂ ತಪ್ಪದಿದ್ದರೂ ಮೂವತ್ತರ ಹೊಸ್ತಿಲು. ಹಲವರಿಗೆ ತಪ್ಪುತ್ತದೆ. ಖಾಸಗಿ ಕಾಲೇಜಿನ ಶುಲ್ಕಕ್ಕೆ ಜಮೀನು ಮಾರುವ ಮುನ್ನ, ಎಂಬಿಬಿಎಸ್ ಮೊದಲ ಮೆಟ್ಟಿಲು ಮಾತ್ರ ಎಂಬುದು ನೆನಪಿರಲಿ.

ಹೆಣ್ಣುಮಕ್ಕಳನ್ನು ಈ ಕ್ಷೇತ್ರದಿಂದ ದೂರವಿಡಲು ಕ್ಷ-ಕಿರಣದ ಭಯವನ್ನು ಮುಂದೊಡ್ಡುವುದುಂಟು. ಅಪಾಯ ಸುಳ್ಳಲ್ಲ, ಆದರೆ ಅದಕ್ಕೆ ಸೀಸದ ಏಪ್ರನ್, ರಕ್ಷಾಪರದೆ, ವಿಕಿರಣ ಅಳೆಯುವ ಬ್ಯಾಡ್ಜ್ ಇವೆ. ದಿನವಿಡೀ ಆ ಏಪ್ರನ್ ಹೊತ್ತು ಬೆನ್ನುನೋವು ಬರುವುದು ಗಂಡಸರಿಗೂ ತಪ್ಪಿದ್ದಲ್ಲ.

ನಿಜವಾದ ಕಷ್ಟ ರಾತ್ರಿಯ ಕರೆ. ರೋಗಿ ಆಸ್ಪತ್ರೆ ತಲುಪಿದ 90 ನಿಮಿಷದೊಳಗೆ ನಾಳ ತೆರೆಯಬೇಕೆಂಬುದು ಒಪ್ಪಿತ ಗುರಿ. ಹಾಗಾಗಿ ಸಂಜೆಯ ಊಟ, ಮನೆಯ ಸಮಾರಂಭ ಯಾವುದೂ ಖಾತ್ರಿಯಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಒದಗಿಸುತ್ತಿದೆ. ಒಳ್ಳೆಯ ಕೆಲಸ. ಆದರೂ ಚುಚ್ಚುಮದ್ದಿನ ನಂತರ ಆಂಜಿಯೋಗ್ರಾಂಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಜಿಲ್ಲೆಗೊಂದು ಕ್ಯಾಥ್ ಲ್ಯಾಬ್ ಕಟ್ಟಿದರೆ ಮುಗಿಯಿತೇ? ಒಬ್ಬರೇ ವೈದ್ಯರು 24 ಗಂಟೆಯೂ ಅದನ್ನು ನಡೆಸಲಾರರು. ತಂತ್ರಜ್ಞರು, ದಾದಿಯರು, ಸರದಿಗೆ ಇನ್ನೂ ಇಬ್ಬರು ಮೂವರು ತಜ್ಞರು ಬೇಕು. ಆ ತಂಡವಿಲ್ಲದ ಊರಿಗೆ ಮೂವತ್ತು ದಾಟಿದ, ಸಾಲ ಹೊತ್ತ ಯುವ ವೈದ್ಯರು ಮರಳುವುದಿಲ್ಲ, ಬೆಂಗಳೂರಿನಲ್ಲೇ ಉಳಿಯುತ್ತಾರೆ.